ಅತ್ತೆ ಕಲಿಸಿದ ಬೀಗರ ಹಾಡು

ಪಟಪಟ ಪಟ್, ಪಟಪಟ ಪಟ್. ಹೈದರಾಬಾದಿನ ಗಚ್ಚಿಬೌಲಿಯಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ, ಹೆಂಗಸರ ತಗಡಿನ ಶೆಡ್ಡಿನಿಂದ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನನ್ನ ಕೈಯ ಗಾರೆ ಕರಣೆ ತಾನಾಗಿ ನಿಲ್ಲುತ್ತದೆ. ಈಗ ನಾನು ಮೇಸ್ತ್ರಿ, ನಲವತ್ತು ಜನ ನನ್ನ ಮಾತು ಕೇಳುತ್ತಾರೆ. ಆದರೆ ಆ ಸದ್ದಿಗೆ ಮತ್ತೆ ನಾರಾಯಣಗೂಡದ ಒಂದೇ ಕೋಣೆಯ ಮನೆಯ ಹುಡುಗನಾಗುತ್ತೇನೆ. ರಾಯಚೂರು ಕಡೆಯಿಂದ ದುಡಿಯಲು ಬಂದ ನಮ್ಮನ್ನೆಲ್ಲ ಸಾಕಿದವಳು ಅಪ್ಪನ ಅಕ್ಕ, ಶರಣಮ್ಮತ್ತೆ. ಅಕ್ಷರ ಗೊತ್ತಿಲ್ಲದ ಅವಳ ಬಾಯಲ್ಲಿ ಹಾಡು ಮಾತ್ರ ಬತ್ತುತ್ತಿರಲಿಲ್ಲ.

ನಮ್ಮ ಹಿರಿಯಕ್ಕ ನೀಲಕ್ಕನ ಮದುವೆ ಹತ್ತಿರ ಬಂದಿತ್ತು. ಬೀಗರನ್ನು ಗೇಲಿ ಮಾಡಲು ಮನೆಯ ಪ್ರತಿ ಮಗುವೂ ಹಾಡಿನ ಒಂದು ನುಡಿ ಕಟ್ಟಿ ಮದುವೆಯಲ್ಲಿ ಹಾಡಬೇಕೆಂಬುದು ನಮ್ಮವರ ಪದ್ಧತಿ. ರಂಗೋಲಿ ಹುಚ್ಚಿನ ತಂಗಿ ಕಸ್ತೂರಿಗೆ ಅತ್ತೆ, ಚುಕ್ಕಿಗೊಂದು ಮಾತು ಇಡು ಎಂದಳು. ಕೂತಲ್ಲಿ ಕೂರದ ತಮ್ಮ ಬಸುವನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ಹೆಜ್ಜೆಗೊಂದು ಮಾತು ಆಡಿಸಿದಳು. ಇಬ್ಬರ ನುಡಿಯೂ ಆಯಿತು. ಐದನೇ ಇಯತ್ತೆಗೆ ಶಾಲೆ ಬಿಟ್ಟ ನಾನೊಬ್ಬನೇ ಉಳಿದೆ. ಮಂದಿಯೆದುರು ಬಾಯಿ ಕಟ್ಟಿದರೆ ದಡ್ಡನೆಂಬ ಹೆಸರು ಕಾಯಂ.

“ನನ್ನ ತಲ್ಯಾಗ ಏನೂ ಇಲ್ಲತ್ತಿ.”

“ತಲಿ ಯಾರು ಕೇಳ್ಯಾರೋ? ಹಿಟ್ಟು ತೊಗೊ, ತಟ್ಟು. ರೊಟ್ಟಿ ಹರಿದ್ರ ಹರೀಲಿ, ತಾಳ ಹರೀಬ್ಯಾಡ. ಕಣ್ಣಿಲೆ ಏನು ನೋಡೀದಿ, ಅದನ್ನ ಹೇಳು.”

ಗಾರೆ ಕೆಲಸಕ್ಕೆ ಹೋಗುತ್ತಿದ್ದ ನಾನು ನೋಡುತ್ತಿದ್ದುದು ಎತ್ತರ, ಅಗಲ, ಅಳತೆಗಳನ್ನೇ. ನಿಶ್ಚಯದ ದಿನ ವರನ ಅಪ್ಪ, ನಮ್ಮ ಬೀಗರ ತಲೆಯ ರುಮಾಲು ನಮ್ಮ ಬಾಗಿಲ ಚೌಕಟ್ಟಿಗೆ ಬಡಿದು ಬಿದ್ದದ್ದು ಕಣ್ಣಿಗೆ ಕಟ್ಟಿತು. ಮೂರು ರೊಟ್ಟಿ ಹರಿದವು. ನಾಲ್ಕನೆಯದಕ್ಕೆ ನುಡಿ ಬಂತು.

ಮದುವೆಯ ದಿನ ತೊಡೆ ತಟ್ಟಿಕೊಂಡು ಹಾಡಿದೆ:

“ಬಾಗಿಲು ಗಿಡ್ಡ ನಮ್ಮನಿದು, ರುಮಾಲು ದೊಡ್ಡದು ನಿಮ್ಮದು
ಬಗ್ಗಿ ಬರ್ರಿ ಬೀಗರೆ, ಬಗ್ಗಿದವರಿಗೆ ಹೋಳಿಗಿ!”

ಬೀಗರು ಮೆಲ್ಲಗೆ ರುಮಾಲು ಮುಟ್ಟಿ ನೋಡಿಕೊಂಡವರೇ ಹೊಟ್ಟೆ ಹಿಡಿದು ನಕ್ಕರು. “ಏ ಇವನ, ನನ್ನ ಅಳತಿ ತೊಗೊಂಡಾನಲ್ರಿ!” ಬೀಗತಿ ನನ್ನ ಗಲ್ಲ ಹಿಡಿದು, “ಇನ್ನೊಮ್ಮೆ ಹಾಡಪ್ಪ, ನಮ್ಮೂರಿಗೆ ಒಯ್ತೀನಿ” ಎಂದರು. ಅತ್ತೆ ಮೂಲೆಯಿಂದ ಕೂಗಿದಳು: “ನಮ್ಮ ಸಿದ್ದ ಒಬ್ಬನೇ ಕಟ್ಟ್ಯಾನ್ರೀ, ಯಾರೂ ಹೇಳಿಕೊಟ್ಟಿಲ್ಲ!”

ಈಗ ಅತ್ತೆಯಿಲ್ಲ, ಆ ಓಣಿಯೂ ಇಲ್ಲ. ನನ್ನ ನುಡಿ ಮಾತ್ರ ಯಾವುದೋ ಊರಿನ ಮದುವೆ ಹಂದರದ ಕೆಳಗೆ ಇನ್ನೂ ಬೀಗರನ್ನು ನಗಿಸುತ್ತಿರಬಹುದು. ಹಾಡುವವರಿಗೆ ನನ್ನ ಹೆಸರು ತಿಳಿಯದಿದ್ದರೆ ಬೇಸರವಿಲ್ಲ. ಕಟ್ಟಲು ಕಲಿಸಿದ ಅತ್ತೆಯ ಹೆಸರಾದರೂ ತಿಳಿದಿರಬೇಕಿತ್ತು.