ಎಲ್ಸಾ ಅಕ್ಕಾರ ಮಗಳನ್ನು ಶಾಲೆಗೆ ಬಿಟ್ಟು ಬಂದದ್ದು

ನಾನು ಗಜೇಂದ್ರಗಡದ ಸಣ್ಣ ಮಿಶನ್ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿದ್ದು 1981ರಲ್ಲಿ. ಅದನ್ನು ನಡೆಸುತ್ತಿದ್ದವರು ಜರ್ಮನಿಯಿಂದ ಬಂದಿದ್ದ ದಂಪತಿ. ಗಂಡ ಡಾಕ್ಟರು, ಹೆಂಡತಿ ಎಲ್ಸಾ ಹೆರಿಗೆ ವಿಭಾಗದ ಮುಖ್ಯ ನರ್ಸ್. ಊರವರ ಬಾಯಲ್ಲಿ ಅವರು ಎಲ್ಸಾ ಅಕ್ಕಾರು. ಮಗಳು ಆನಾ ಹುಟ್ಟಿದ್ದೇ ಅಲ್ಲಿ. ಜರ್ಮನ್ ಮಾತಾಡುವಾಗ ತಡವರಿಸುತ್ತಿದ್ದ ಆ ಹುಡುಗಿ ಕನ್ನಡದಲ್ಲಿ ಜಗಳಕ್ಕೆ ನಿಂತರೆ ಓಣಿಯ ಮಕ್ಕಳೆಲ್ಲ ಹಿಂದೆ ಸರಿಯುತ್ತಿದ್ದರು. ಸಂಜೆ ನನ್ನ ಕ್ವಾರ್ಟರ್ಸಿಗೆ ಬಂದು, ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಸಿಕೊಂಡು, ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದಳು. ಆ ಸಂಜೆಗಳು ಈಗಲೂ ನೆನಪಾಗುತ್ತವೆ.

ಮಿಶನರಿ ಮಕ್ಕಳಿಗೆ ಎಂಟು ವರ್ಷವಾದರೆ ದೂರದ ಬೆಟ್ಟದ ಬೋರ್ಡಿಂಗ್ ಶಾಲೆಗೆ ಕಳಿಸುವುದು ಆಗಿನ ರೂಢಿ. ನಾನು ಸೇರಿದ ಮರುವರ್ಷವೇ ಆನಾಳ ಸರದಿಯೂ ಬಂತು. ಡಾಕ್ಟರು ಕಾಮಾಲೆಯಾಗಿ ಮಲಗಿದ್ದರಿಂದ ಎಲ್ಸಾ ಅಕ್ಕಾರೇ ಕರೆದೊಯ್ಯಬೇಕಿತ್ತು. ಹೊರಡುವ ದಿನ ಟ್ರಂಕು ಜೀಪಿಗೇರಿತ್ತು. ಗದಗಕ್ಕೆ ಹೋಗಿ ರೈಲು ಹಿಡಿಯಬೇಕು. ತಪ್ಪಿದರೆ ಮತ್ತೆ ಸೀಟು ಸಿಗುವುದು ಕಷ್ಟ.

ಅಷ್ಟರಲ್ಲಿ ಹತ್ತಿರದ ಸೂಡಿ ಊರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಮನೆಯಲ್ಲೇ ಹೆತ್ತ ಬಸವ್ವ ಅದರಲ್ಲಿ ಮಲಗಿದ್ದಳು. ಕೂಸು ಹುಟ್ಟಿತ್ತು, ಮಾಸು ಬಿದ್ದಿರಲಿಲ್ಲ. ಇದನ್ನು ನಾವು ರಿಟೇನ್ಡ್ ಪ್ಲಾಸೆಂಟಾ ಎನ್ನುತ್ತೇವೆ. ಮಾಸು ಒಳಗೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಕೈ ಹಾಕಿ ಬಿಡಿಸಬೇಕು. ಅಂದು ಅದನ್ನು ಮಾಡಬಲ್ಲವರು ಎಲ್ಸಾ ಅಕ್ಕಾರು ಮಾತ್ರ.

ಬಸವ್ವನ ಅತ್ತೆ ಸೆರಗೊಡ್ಡಿದಳು. "ಅಕ್ಕಾರ, ನನ್ನ ಸೊಸಿನ್ನ ಉಳಸ್ರಿ."

ಎಲ್ಸಾ ಅಕ್ಕಾರು ಒಮ್ಮೆ ಜೀಪಿನ ಕಡೆ ನೋಡಿದರು. ಕೈ ಆಗಲೇ ಗಡಿಯಾರ ಬಿಚ್ಚುತ್ತಿತ್ತು.

"ರತ್ನಾ, ನೀ ಹೋಗು. ಆನಾನ್ನ ಸಾಲಿಗೆ ಬಿಟ್ಟು ಬಾ."

"ಅವ್ವಾ, ನೀನ ಬರ್ತೀನಿ ಅಂದಿದ್ದೆಲ್ಲಾ?" ಎಂದಳು ಆನಾ. ತಾಯಿ ಅವಳ ಹಣೆಗೆ ಮುತ್ತಿಟ್ಟು ಹೆರಿಗೆ ಕೋಣೆಗೆ ಓಡಿದರು.

ರೈಲಿನಲ್ಲಿ ಹುಡುಗಿ ಅಳಲಿಲ್ಲ. ನಾನದನ್ನು ಧೈರ್ಯವೆಂದುಕೊಂಡೆ. ಶಾಲೆಯಲ್ಲಿ ವಾರ್ಡನ್ ಇಂಗ್ಲಿಷಿನಲ್ಲಿ ಮಾತಾಡಿಸಿದಾಗ ನನ್ನ ಸೀರೆ ಹಿಡಿದು, "ರತ್ನಕ್ಕ, ಇಲ್ಲಿ ಕನ್ನಡ ಯಾರಿಗೆ ಬರತೈತಿ?" ಎಂದು ಕೇಳಿದಳು.

ನಾನು ತಿರುಗಿ ಬಂದಾಗ ಬಸವ್ವ ದಿಂಬಿಗೊರಗಿ ಕೂಸಿಗೆ ಹಾಲೂಡಿಸುತ್ತಿದ್ದಳು. ಎಲ್ಸಾ ಅಕ್ಕಾರು ಕೇಳಿದ್ದು ಒಂದೇ ಮಾತು: "ಆಕಿ ಏನರ ಉಂಡಳೇನು?"

"ಬಾಳಿಹಣ್ಣು ಅಷ್ಟ ತಿಂದಳ್ರಿ."

ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನು ಸ್ಟೋರ್ ರೂಮಿಗೆ ಹೋದರೆ, ಮಡಚಿಟ್ಟಿದ್ದ ಬೆಡ್‌ಶೀಟುಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಅಳುತ್ತಿದ್ದರು. ನಾನೂ ಒಂದು ಅಂಚು ಹಿಡಿದೆ.

ಆ ಕುಟುಂಬ ಸ್ವದೇಶಕ್ಕೆ ಮರಳಿ ಬಹಳ ಕಾಲವಾಯಿತು. ಎಲ್ಸಾ ಅಕ್ಕಾರು ಈಗಿಲ್ಲ. ಐವತ್ತು ದಾಟಿದ ಆನಾ ಆಗಾಗ ವಿಡಿಯೋ ಕಾಲ್ ಮಾಡುತ್ತಾಳೆ. ಮಾತು ಇನ್ನೂ ಗಜೇಂದ್ರಗಡದ್ದೇ. ಒಮ್ಮೆ ಆ ದಿನದ ಮಾತು ಬಂತು.

"ಅವ್ವ ಮಾಡಿದ್ದು ಸರೀನ ಐತಿ, ರತ್ನಕ್ಕ. ಆದ್ರ ನಂಗ ಭಾಳ ವರ್ಷ ಸಿಟ್ಟಿತ್ತು," ಎಂದಳು. ಆಮೇಲೆ ಕೇಳಿದಳು: "ಆ ಕೂಸು ಈಗ ಹ್ಯಾಂಗ ಐತಿ?"

ನಾನು ಮುಂದೆ ಮೇಟ್ರನ್ ಆದಾಗ ಯಾವ ನರ್ಸನ್ನಾದರೂ ಡ್ಯೂಟಿ ಮುಗಿದ ಮೇಲೂ ಉಳಿಸಿಕೊಳ್ಳಬೇಕಾಗಿ ಬಂದರೆ ಮೊದಲು, "ಮನ್ಯಾಗ ಯಾರು ದಾರಿ ಕಾಯಾಕತ್ತಾರವಾ?" ಎಂದು ಕೇಳುತ್ತಿದ್ದೆ. ಎಲ್ಲರನ್ನೂ ಕಳಿಸಲು ಆಗುತ್ತಿರಲಿಲ್ಲ. ಆದರೆ ರೋಗಿಗೆ ನಾವು ಕೊಡುವ ಹೊತ್ತು ಯಾರದೋ ಮನೆಯಿಂದ ತಂದದ್ದು ಎಂಬುದನ್ನು ನೆನೆಯದೆ ಯಾರನ್ನೂ ಉಳಿಸಿಕೊಳ್ಳಲಿಲ್ಲ.