ಬಿಚ್ಚಿಟ್ಟ ವಾಲ್ವ್ ಮಿಡಿದ ಸಂಜೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಕೇಳಿ ನಗುವವರ ಪೈಕಿ ನಾನೇ ಮುಂದಿನ ಸಾಲಿನವನು. ಯಾರಾದರೂ ನಮ್ಮ ಚಿಕ್ಕಪ್ಪನಿಗೆ ಹೀಗಾಯಿತಂತೆ ಎಂದು ಶುರು ಮಾಡಿದರೆ ಸಾಕು, ಆ ಹೊತ್ತಿನಲ್ಲಿ ಚಿಕ್ಕಪ್ಪ ಏನು ಕುಡಿದಿದ್ದರು ಎಂದು ಕೇಳುವ ಬಾಯಿ ನನ್ನದು. ಬೋಗಾದಿಯಲ್ಲಿ ಗಾಡಿಗಳ ಎ.ಸಿ., ಹೀಟರ್ ರಿಪೇರಿ ಮಾಡುವ ಗ್ಯಾರೇಜು ಇಟ್ಟುಕೊಂಡಿದ್ದೇನೆ. ನನ್ನ ಕಸುಬಿನಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡುವೆ ದೆವ್ವ ದೇವರಿಗೆ ಜಾಗವಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ಕೆಲವು ವರ್ಷಗಳ ಹಿಂದಿನ ಆಷಾಢದ ಒಂದು ಮಧ್ಯಾಹ್ನ. ತುಂತುರು ಮಳೆ, ಅದರ ಜೊತೆ ಮೈ ಕೊರೆಯುವ ಗಾಳಿ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಸುಧಾಮಣಿಯವರ ವ್ಯಾನು ಗ್ಯಾರೇಜಿನೊಳಗೆ ನುಗ್ಗಿತು. ಸುಧಾಮಣಿ ನನ್ನ ಹಳೆಯ ಗಿರಾಕಿ. ಊರಾಚೆ ಚಾಕಿ ಕೇಂದ್ರ ನಡೆಸುತ್ತಾರೆ. ಎಂದರೆ, ಮೊಟ್ಟೆಯೊಡೆದ ರೇಷ್ಮೆ ಮರಿಹುಳುಗಳನ್ನು ಎಳವೆಯಲ್ಲಿ ಸಾಕಿ, ಎರಡನೇ ಜ್ವರದ ಹೊತ್ತಿಗೆ ರೈತರ ಮನೆಗೆ ಮುಟ್ಟಿಸುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಸಮಯ. ಆಗ ಅವು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತವೆ. ಆ ಹೊತ್ತಿನಲ್ಲಿ ಅವಕ್ಕೆ ಸೆಕೆಯೂ ಆಗಬಾರದು, ಚಳಿಯೂ ತಗಲಬಾರದು. ಅದಕ್ಕೆಂದೇ ಆಕೆಯ ವ್ಯಾನಿನ ಹಿಂಭಾಗದಲ್ಲಿ ಮುಚ್ಚಿದ ಪೆಟ್ಟಿಗೆಯಂಥ ಗೂಡು, ಅದರೊಳಗೆ ಹೀಟರ್, ಎಷ್ಟು ಬಿಸಿ ಇದೆ ಎಂದು ಡ್ರೈವರಿಗೆ ತೋರಿಸುವ ಅಂಕಿಪಟ್ಟಿ, ಎಲ್ಲವನ್ನೂ ನಾನೇ ಕೂರಿಸಿದ್ದೆ. ಗಾಡಿ ಓಡಿಸುವುದೂ ಅವರೇ.

"ಅಣ್ಣ, ಹಿಂದ್ಗಡೆ ಒಲೆ ಆಗ್ಬುಟ್ಟದೆ. ಹುಳ ಬೆಂದೋಯ್ತವೆ," ಎಂದರು ಇಳಿಯುವ ಮೊದಲೇ.

ಹಿಂಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ರಾಚಿತು. ತಟ್ಟೆಗಳ ಮೇಲೆ ಮೇಣದ ಕಾಗದ ಹೊದ್ದು ಸಾವಿರಾರು ಹುಳುಗಳು ಜ್ವರಕ್ಕೆ ಕೂತಿದ್ದವು. ಹಿಂದಿನ ಸಲವೂ ಹೀಗೇ ದಾರಿಯಲ್ಲಿ ಕಾವು ಹೆಚ್ಚಾಗಿ ಹುಳು ಕೆಟ್ಟು, ಇವರ ಹತ್ತಿರ ಚಾಕಿ ಕೊಳ್ಳುತ್ತಿದ್ದವರೆಲ್ಲ ಬೇರೆ ಕಡೆ ಹೋಗಿದ್ದರು. ಕಡಕೊಳದಿಂದ ಮುಂದೆ ಒಳದಾರಿಯ ಹಳ್ಳಿಯೊಂದರ ಮಾದಪ್ಪ ಮತ್ತು ಅವರ ಹೆಂಡತಿ ಮಾತ್ರ ಇನ್ನೊಂದು ಸಲ ನೋಡೋಣ ಎಂದು ನಂಬಿ, ಮನೆ ತೊಳೆದು ಸೊಪ್ಪು ತಂದಿಟ್ಟುಕೊಂಡು ಕಾಯುತ್ತಿದ್ದರು. ಇವೂ ಹೋದರೆ ಕೇಂದ್ರಕ್ಕೆ ಬೀಗ ಹಾಕುವುದೇ ಎಂದು ಸುಧಾಮಣಿ ಹೇಳಿದರು. ಅಳಲಿಲ್ಲ. ಜಾರಿದ್ದ ಮೇಣದ ಕಾಗದವೊಂದನ್ನು ತಟ್ಟೆಯ ಮೇಲೆ ಸರಿಮಾಡಿದರು.

ಕೆಲಸಕ್ಕೆ ಬಿದ್ದೆ. ಇಂಜಿನ್ನಿನ ಬಿಸಿನೀರು ಹಿಂದಿನ ಹೀಟರಿಗೆ ಹೋಗುವ ದಾರಿಯಲ್ಲಿ ಒಂದು ಎಲೆಕ್ಟ್ರಾನಿಕ್ ವಾಲ್ವ್ ಇರುತ್ತದೆ. ಗೂಡು ಬೆಚ್ಚಗಾದರೆ ಟಕ್ಕೆಂದು ಮುಚ್ಚುತ್ತದೆ, ತಣ್ಣಗಾದರೆ ಟಕ್ಕೆಂದು ತೆರೆಯುತ್ತದೆ. ಅದರ ಎರಡೂ ಕಡೆಯ ಪೈಪು ಮುಟ್ಟಿದೆ, ಎರಡೂ ಸುಡುತ್ತಿದ್ದವು. ತೆರೆದ ಬಾಯಿ ಮುಚ್ಚಿಲ್ಲ ಎಂದು ಅಲ್ಲಿಗೇ ತಿಳಿಯಿತು. ತಂತಿಯಲ್ಲಿ ಕರೆಂಟು ಸರಿಯಾಗಿ ಬರುತ್ತಿತ್ತು. ವಾಲ್ವನ್ನು ಬಿಚ್ಚಿ ಮೀಟರು ಹಿಡಿದೆ, ಅದನ್ನು ಆಡಿಸುವ ಕಾಯಿಲ್ ಸುಟ್ಟು ಒಳಗೆ ತಂತಿ ತುಂಡಾಗಿತ್ತು. ಮೂತಿಯಲ್ಲಿ ಬಿಳಿ ಉಪ್ಪು. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿದ್ದಿರಾ ಎಂದರೆ ಹೌದು ಅಂದರು. ಹುಳುವಿಗೆ ಸೊಪ್ಪು ಆರಿಸಿ ಆರಿಸಿ ಹಾಕುತ್ತೀರಿ, ಗಾಡಿಗೆ ಮಾತ್ರ ಸಿಕ್ಕಿದ್ದು ಕುಡಿಸುತ್ತೀರಿ ಎಂದು ಛೇಡಿಸಿದೆ. ಪಾಪ, ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಹೊಸ ವಾಲ್ವ್ ಬೆಂಗಳೂರಿಂದ ಬರಬೇಕು, ಮರುದಿನದ ಮಾತು. ಅಷ್ಟರಲ್ಲಿ ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತವೆ. ಹೀಟರ್ ಪೂರ್ತಿ ಕಟ್ಟಿಹಾಕಿದರೆ ಆ ಗಾಳಿಯಲ್ಲಿ ಚಳಿ ಹೊಡೆಯುತ್ತದೆ. ಕೊನೆಗೆ ಪ್ಲಂಬಿಂಗ್ ಅಂಗಡಿಯಿಂದ ಒಂದು ಹಿತ್ತಾಳೆ ನಲ್ಲಿ ತಂದು ವಾಲ್ವಿನ ಜಾಗದಲ್ಲಿ ಕ್ಲಿಪ್ಪು ಹಾಕಿ ಬಿಗಿದೆ, ಅಂದಾಜಿನಲ್ಲಿ ಅರ್ಧ ತಿರುಗಿಸಿಟ್ಟೆ. ಇಂಜಿನ್ನಿನ ಬಿಸಿ ದಾರಿಯುದ್ದಕ್ಕೂ ಏರುಪೇರಾಗುತ್ತದೆ, ಆದ್ದರಿಂದ ಅಲ್ಲಲ್ಲಿ ನಿಲ್ಲಿಸಿ ನಾನೇ ಇಳಿದು ಬಾನೆಟ್ ಎತ್ತಿ ತಿರುಗಿಸುವುದು ಎಂದು ತೀರ್ಮಾನವಾಯಿತು. ಅವರ ಜೊತೆ ಹೊರಟೇಬಿಟ್ಟೆ.

ಬಿಚ್ಚಿದ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು ನಮ್ಮಲ್ಲಿ ಪದ್ಧತಿ. ನಿಜವಾಗಿ ಬದಲಾಯಿಸಿದ್ದಾರೆ ಎಂದು ಅವರಿಗೆ ಸಮಾಧಾನವಾಗಲಿ ಎಂದು. ಸುಧಾಮಣಿಯವರಿಗೂ ಆ ಕೆಟ್ಟ ವಾಲ್ವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಸ್ಟೇರಿಂಗ್ ಹಿಡಿಯಬೇಕಾದ್ದರಿಂದ ಅವರು ಅದನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟರು. ಈ ಪದ್ಧತಿ ಇಲ್ಲದಿದ್ದರೆ ಅದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತಿತ್ತು, ನಾನೂ ಇದನ್ನು ಬರೆಯುತ್ತಿರಲಿಲ್ಲ.

ರಿಂಗ್ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ ಅಂಕಿ ಏರತೊಡಗಿತು. ಗಾಡಿ ಬದಿಗೆ ಹಾಕಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತೊಡೆಯ ಮೇಲೆ ಟಕ್ಕೆಂದಿತು. ಅಂಕಿ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ರಸ್ತೆಯ ಗುಂಡಿಗೆ ಬಿದ್ದು ಗಾಡಿ ಕುಲುಕಿರಬೇಕು ಎಂದುಕೊಂಡೆ. ನಂಜನಗೂಡು ರಸ್ತೆಗೆ ತಿರುಗಿದ ಮೇಲೆ ಗಾಳಿ ಜೋರಾಗಿ ಗೂಡು ತಣ್ಣಗಾಗುತ್ತಾ ಬಂತು. ಮತ್ತೆ ಟಕ್. ಅಂಕಿ ತಿರುಗಿ ಏರಿತು.

"ಅದೇನಣ್ಣ ಸದ್ದು?" ಎಂದು ಸುಧಾಮಣಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

ಪೇಪರು ಬಿಚ್ಚಿದೆ. ತಂತಿಯಿಲ್ಲ, ಬ್ಯಾಟರಿಯಿಲ್ಲ, ಸುಟ್ಟ ಕಾಯಿಲ್. ನಾನು ನೋಡುತ್ತಿದ್ದ ಹಾಗೇ ಅದು ನನ್ನ ಅಂಗೈಯಲ್ಲಿ ಮಿಡಿಯಿತು. ಹಿಡಿದುಕೊಂಡ ಮರಿಹಕ್ಕಿಯ ಎದೆ ಹೊಡೆದುಕೊಂಡ ಹಾಗೆ. ನನ್ನ ಕೂದಲೆಲ್ಲ ನೆಟ್ಟಗೆ ನಿಂತಿತು. ನಂಬುತ್ತೀರೋ ಬಿಡುತ್ತೀರೋ, ಅದು ಹೆದರಿಕೆಯಲ್ಲ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಅಂಥ ಖುಷಿ ನನಗೆ ಆಗಿರಲಿಲ್ಲ.

ಕಡಕೊಳದ ಹತ್ತಿರ ಒಂದು ಟೀ ಅಂಗಡಿಯ ಮುಂದೆ, ಇಂಜಿನ್ ಆರಿಸದೆ ನಿಲ್ಲಿಸಿ ಎಂದೆ. ಬಾನೆಟ್ ಎತ್ತಿದೆ. ನಲ್ಲಿಯ ಹಿಡಿ ನಾನು ಇಟ್ಟಲ್ಲೇ ಇತ್ತು, ಅರ್ಧಕ್ಕೆ. ಒಂದು ಕೈಯಲ್ಲಿ ನಲ್ಲಿಯಿಂದಾಚೆ ಹೀಟರಿಗೆ ಹೋಗುವ ಪೈಪು ಹಿಡಿದೆ, ಇನ್ನೊಂದರಲ್ಲಿ ಆ ಕೆಟ್ಟ ವಾಲ್ವ್. ಸುಧಾಮಣಿ ಒಳಗಿಂದ ಅಂಕಿ ಓದಿ ಹೇಳುತ್ತಿದ್ದರು. ಅಂಕಿ ಸ್ವಲ್ಪ ಏರಿದ್ದೇ ತಡ, ಎಡಗೈಯಲ್ಲಿ ಟಕ್. ಬಲಗೈಯಲ್ಲಿದ್ದ ಪೈಪು ಮೆಲ್ಲಮೆಲ್ಲಗೆ ಆರತೊಡಗಿತು. ನಲ್ಲಿ ಅರ್ಧ ತೆರೆದೇ ಇದೆ, ಈಚೆ ಪೈಪು ಸುಡುತ್ತಿದೆ, ಆಚೆಯದು ತಣ್ಣಗಾಗುತ್ತಿದೆ. ಮತ್ತೆ ಟಕ್ ಎಂದಾಗ ಬಿಸಿ ಹರಿದು ಬಂತು. ಮೀಟರು ತೆಗೆದು ಮತ್ತೆ ಹಿಡಿದೆ. ಕಾಯಿಲ್ ತುಂಡಾಗಿದೆ ಎಂದೇ ಹೇಳಿತು. ಅದು ಹಾಗೆ ಹೇಳುತ್ತಿರುವಾಗಲೇ ವಾಲ್ವ್ ಇನ್ನೊಂದು ಸಲ ಮಿಡಿಯಿತು. ನಾನು ರಸ್ತೆಬದಿಯಲ್ಲಿ ಜೋರಾಗಿ ನಗಲು ಶುರು ಮಾಡಿದೆ. ಟೀ ಅಂಗಡಿಯವರು ಎದ್ದು ನಿಂತು ನೋಡಿದರು.

ನಲ್ಲಿ ತಿರುಗಿಸ್ತೀರಾ ಎಂದು ಸುಧಾಮಣಿ ಕೇಳಿದರು.

"ಮುಟ್ಟಲ್ಲ ಮೇಡಂ," ಎಂದೆ. "ಏನೋ ನಡೀತಾ ಇದೆ, ನಡೀಲಿ. ನೀವು ಓಡಿಸಿ."

ಉಳಿದ ದಾರಿಯುದ್ದಕ್ಕೂ ವಾಲ್ವನ್ನು ಎರಡು ಕೈಯಲ್ಲಿ ಬೊಗಸೆ ಮಾಡಿ ಹಿಡಿದುಕೊಂಡಿದ್ದೆ. ಎಲ್ಲಿ ನಿಂತುಬಿಡುತ್ತದೋ ಎಂದು ಪ್ರತಿ ಮಿಡಿತದ ನಂತರವೂ ಉಸಿರು ಬಿಗಿಹಿಡಿಯುತ್ತಿದ್ದೆ. ಒಳದಾರಿಗೆ ಇಳಿದಾಗ, ಏರು ಹತ್ತಿದಾಗ, ಕುರಿಮಂದೆಗೆ ನಿಂತಾಗ, ಪ್ರತಿ ಸಲವೂ ಅದು ಸರಿಯಾದ ಹೊತ್ತಿಗೆ ಬಡಿದುಕೊಂಡಿತು. ಅಂಕಿ ಬೇಕಾದಷ್ಟರ ಆಸುಪಾಸಿನಲ್ಲೇ ಆಡುತ್ತಿತ್ತು.

ಕತ್ತಲಾಗುವ ಮೊದಲೇ ಮಾದಪ್ಪನವರ ಮನೆ ಸೇರಿದೆವು. ಗಂಡ ಹೆಂಡತಿ ಕೈಕಾಲು ತೊಳೆದುಕೊಂಡು ಬಂದು ತಟ್ಟೆಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದರು. ಮಾದಪ್ಪನವರ ಹೆಂಡತಿ ಕಾಗದ ಎತ್ತಿ ನೋಡಿದರು. ಹುಳುಗಳೆಲ್ಲ ತಲೆ ಎತ್ತಿಕೊಂಡು ಒಂದೇ ಸಮನೆ ಕೂತಿದ್ದವು. ಕೊನೆಯ ತಟ್ಟೆ ಹೊಸಿಲು ದಾಟುವವರೆಗೂ ವಾಲ್ವ್ ನನ್ನ ಕೈಯಲ್ಲಿ ಮಿಡಿಯುತ್ತಿತ್ತು. ಆಮೇಲೆ ಇಲ್ಲ. ಅಲುಗಿಸಿದೆ, ತಟ್ಟಿದೆ, ಕಿವಿಗೆ ಹಿಡಿದೆ. ಸುಮ್ಮನೆ ಒಂದು ಲೋಹದ ತುಂಡು. ವಾಪಸು ಬರುವಾಗ ಖಾಲಿ ಗೂಡಿನ ಅಂಕಿ ತನ್ನ ಪಾಡಿಗೆ ಏರಿತು, ಯಾರೂ ತಡೆಯಲಿಲ್ಲ. ಗ್ಯಾರೇಜಿನ ಹತ್ತಿರ ಇಳಿಯುವಾಗ ವಾಲ್ವನ್ನು ಸುಧಾಮಣಿಯವರ ಕೈಗೆ ಕೊಡಲು ಹೋದರೆ ನಿಮ್ಮ ಹತ್ತಿರವೇ ಇರಲಿ ಎಂದುಬಿಟ್ಟರು.

ಮರುದಿನ ಹೊಸ ವಾಲ್ವ್ ಹಾಕಿದೆ, ಗಾಡಿ ಸರಿಹೋಯಿತು. ಹಳೆಯದನ್ನು ಬಿಚ್ಚಲು ಮಾತ್ರ ಕೆಲವು ದಿನ ಮನಸ್ಸಾಗಲಿಲ್ಲ. ಕೊನೆಗೊಂದು ದಿನ ತಡೆಯಲಾರದೆ ಬೆಂಚಿನ ವೈಸಿಗೆ ಕಚ್ಚಿಸಿ ಗರಗಸದಿಂದ ಕೊಯ್ದೆ. ಒಳಗೆ, ಟಕ್ಕೆಂದು ಮೇಲೆ ಕೆಳಗೆ ಆಡಬೇಕಾದ ಕಡ್ಡಿಗೆ ಬೋರ್ ನೀರಿನ ಉಪ್ಪು ಸುಣ್ಣದ ಹಾಗೆ ಸುತ್ತಲೂ ಹಿಡಿದು ಕಲ್ಲಾಗಿತ್ತು. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದೆ. ಕೂದಲೆಳೆಯಷ್ಟೂ ಕದಲಲಿಲ್ಲ. ಎಂದೋ ಕಚ್ಚಿಕೊಂಡು ಹೋಗಿದ್ದ ವಾಲ್ವ್ ಅದು. ಮಿಡಿಯಲು ಅದರೊಳಗೆ ಜಾಗವೇ ಇರಲಿಲ್ಲ.

ತಕ್ಷಣ ಸುಧಾಮಣಿಯವರಿಗೆ ಫೋನು ಮಾಡಿದೆ. ಉದ್ವೇಗದಲ್ಲಿ ಒಂದೇ ಉಸಿರಿಗೆ ಎಲ್ಲ ಒದರಿದೆ: ಅದು ಆಡಿರಲು ಸಾಧ್ಯವೇ ಇಲ್ಲ, ನಾವಿಬ್ಬರೂ ಕೇಳಿದ್ದು ಸುಳ್ಳಿರಬೇಕು ಎಂದು. ಅವರು ಆಗ ಮಾದಪ್ಪನವರ ಹುಳುಮನೆಯಲ್ಲೇ ಇದ್ದರು, ಬೆಳೆ ನೋಡಲು ಹೋಗಿದ್ದರಂತೆ. ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು.

"ಸುಳ್ಳು ಅಂತೀರಾ? ಒಸಿ ಇದ ಕೇಳಿ ಕಣಣ್ಣ," ಎಂದು ಫೋನನ್ನು ಎಲ್ಲೋ ಹತ್ತಿರ ಹಿಡಿದರು.

ಆ ಕಡೆಯಿಂದ ಸೋನೆಮಳೆ ಸುರಿದ ಹಾಗೆ ಸದ್ದು ಬಂತು. ಹೊರಗೆ ನೋಡಿದೆ, ಬೋಗಾದಿಯಲ್ಲಿ ಬಿಸಿಲು. ಬೆಳೆದು ದೊಡ್ಡವಾದ ಆ ಹುಳುಗಳು, ಒಂದೂ ಹಿಂದೆ ಬೀಳದೆ, ಎಲ್ಲ ಒಟ್ಟಿಗೆ ಸೊಪ್ಪು ಮೇಯುತ್ತಿದ್ದ ಸದ್ದು ಅದು. ವೈಸಿನಲ್ಲಿ ಕದಲದ ಕಡ್ಡಿ, ಕಿವಿಯಲ್ಲಿ ಆ ಸದ್ದು. ಎಷ್ಟೋ ಹೊತ್ತು ಫೋನು ಇಡದೆ ಕೇಳುತ್ತಾ ನಿಂತಿದ್ದೆ. ಈ ಎರಡನ್ನೂ ಹೇಗೆ ಕೂಡಿಸಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.