ಕಿವಿಯ ಮೇಲಿನ ನೆರಳು

ಗುಜರಾತಿನ ಗೋರ್ವಾ ಬಡಾವಣೆಯ ಸಲೂನಿನಲ್ಲಿ ಆ ಭಾನುವಾರ ಇದ್ದವರು ಮೂವರೇ: ಗುಜರಾತಿ ಕ್ಷೌರಿಕ, ಸರದಿ ಕಾಯುತ್ತಿದ್ದ ನಾನು, ಮತ್ತು ಕುರ್ಚಿಯಲ್ಲಿ ಪಕ್ಕದ ಉಡುಪಿ ಹೋಟೆಲಿನ ದೋಸೆ ಹೊಯ್ಯುವವನು. ಹಿಂದೆ ಅವನು ಎರಡು ವಾರಕ್ಕೊಮ್ಮೆ ತಪ್ಪದೆ ಬದಿಯ ಕೂದಲನ್ನು ಹಂತಹಂತವಾಗಿ ಸಣ್ಣಗಿಳಿಸುವ ಫೇಡ್ ಕಟಿಂಗ್ ಮಾಡಿಸಿಕೊಳ್ಳಲು ಬರುತ್ತಿದ್ದ. "ಕಿವಿ ಮೇಲೆ ನೆರಳು ಬಿದ್ದ ಹಾಗಿರಬೇಕು ಭಯ್ಯಾ," ಎನ್ನುತ್ತ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ.

ಆದರೆ ಈಗ ಹೆಂಡತಿ ಬಸುರಿ. ಹೆರಿಗೆಯಾಗುವವರೆಗೆ ಗಂಡ ತಲೆಗೆ ಕತ್ತರಿ ಮುಟ್ಟಿಸಬಾರದೆಂದು ಊರಿನಿಂದ ಅವನ ತಾಯಿ ಫೋನಿನಲ್ಲಿ ಹೇಳಿದ್ದರು.

"ಎಂತ ಮಾರಾಯಾ, ಅಮ್ಮ ಬೇಡ ಅಂದಿದ್ದರಲ್ಲ?" ಎಂದೆ.

"ಅವರು ಹೇಳಿದ್ದು ಕತ್ತರಿ ಮಾರಾಯ್ರೆ. ಇದು ಮಷಿನ್. ಮೇಲೆ ಮುಟ್ಟುದಿಲ್ಲ, ಬದಿ ಮಾತ್ರ," ಎಂದು ನಕ್ಕ. ನಾನೂ ನಕ್ಕೆ.

ಮುಂದಿನ ತಿಂಗಳು ಮಗು ಹೊಟ್ಟೆಯಲ್ಲೇ ಹೋಯಿತು. ಕೂದಲಿಗೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಅವನು ಹೌದೆಂದು ತಲೆಯಾಡಿಸುತ್ತಲೇ ಕಿವಿಯ ಮೇಲೆ ಕೈ ಸವರಿಕೊಳ್ಳುತ್ತಿದ್ದ. ಪಕ್ಕದಲ್ಲೇ ಇದ್ದರೂ ಸಲೂನಿನತ್ತ ತಿರುಗಿ ನೋಡುವುದನ್ನೂ ಬಿಟ್ಟ. ಕೂದಲು ಕುತ್ತಿಗೆಗೆ ಇಳಿಯಿತು. ಅದನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು ಕಾವಲಿಯ ಮುಂದೆ ದೋಸೆ ಹೊಯ್ಯುತ್ತಿದ್ದ. ಗಿರಾಕಿಗಳೊಡನೆ ಹಿಂದಿನಂತೆ ಹರಟೆಯಿಲ್ಲ.

ದೀಪಾವಳಿಗೆ ಮುಂಚೆ ಒಂದು ದಿನ ಅವನ ಹೆಂಡತಿಯೇ ಕೈಹಿಡಿದು ಅವನನ್ನು ಸಲೂನಿಗೆ ಕರೆತಂದಳು. ಕುರ್ಚಿಯಲ್ಲಿ ಕೂರಿಸಿ, ತನ್ನ ಹರಕುಮುರುಕು ಹಿಂದಿಯಲ್ಲಿ, "ಕಿವಿ ಮೇಲೆ ನೆರಳು ಬಿದ್ದ ಹಾಗೆ ಮಾಡಿ ಭಯ್ಯಾ," ಎಂದಳು. ಮಷಿನ್ ಶುರುವಾದಾಗ ಅವನು ಕಣ್ಣು ಮುಚ್ಚಿಕೊಂಡ. ಮುಗಿಯುವವರೆಗೂ ಅವಳು ಪಕ್ಕದಲ್ಲೇ ನಿಂತಿದ್ದಳು.